ಆಟದ ಬಯಲಲ್ಲಿ ಮಕ್ಕಳ ಮುಂಬಲ್ಲು



ಮಕ್ಕಳ ಹಲ್ಲು ಅಂದ ಕೂಡಲೇ ನಮ್ಮ ಮಾತು ಚಾಕಲೇಟು, ಹುಳುಕು, ಬ್ರಷ್ಷುಗಳ ಕಡೆಗೆ ಹೊರಳುತ್ತದೆ. ಅದು ಬೇಕಾದ ಮಾತೇ. ಆದರೆ ಹುಳುಕೇ ಇಲ್ಲದ, ದಿನಕ್ಕೆರಡು ಸಲ ಉಜ್ಜಿ ಚೊಕ್ಕಟವಾಗಿ ಇಟ್ಟುಕೊಂಡ ಗಟ್ಟಿ ಹಲ್ಲೂ ಆಟದ ಬಯಲಿನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುರಿದುಹೋಗುತ್ತದೆ. ಕೆಲವೊಮ್ಮೆ ಬೇರುಸಮೇತ ಕಿತ್ತು ಮಣ್ಣಿಗೆ ಬೀಳುತ್ತದೆ. ನಾನು ಮಕ್ಕಳ ದಂತವೈದ್ಯೆ. ಶಾಲೆಗಳ ಕ್ರೀಡಾಕೂಟಗಳು ಶುರುವಾದವೆಂದರೆ, ಬೇಸಿಗೆ ಶಿಬಿರಗಳು ತೆರೆದವೆಂದರೆ, ತುಟಿ ಊದಿಸಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬರುವ ಮಕ್ಕಳು ನಮ್ಮಲ್ಲಿ ಹೆಚ್ಚಾಗುತ್ತಾರೆ. ಅವರ ಹಿಂದೆಯೇ ಮುಖ ಬಾಡಿಸಿಕೊಂಡ ಅಪ್ಪ ಅಮ್ಮ ಬರುತ್ತಾರೆ. ಇವತ್ತಿನ ಮಾತು ಆ ಮಕ್ಕಳ ಬಗ್ಗೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಆಟದಿಂದ ದೂರ ಇಡಿ ಎಂದು ಹೇಳಲು ನಾನು ಬಂದಿಲ್ಲ. ಆಡದ ಮಗುವಿಗೆ ಆಗುವ ನಷ್ಟ ಒಂದು ಹಲ್ಲಿನ ನಷ್ಟಕ್ಕಿಂತ ದೊಡ್ಡದು. ನಾನು ಹೇಳಬೇಕೆಂದಿರುವುದು ಇಷ್ಟೇ: ಪೆಟ್ಟು ತಿಂದ ಹಲ್ಲಿನ ಗತಿ ತೀರ್ಮಾನವಾಗುವ ಜಾಗ ನಮ್ಮ ಚಿಕಿತ್ಸಾಲಯದ ಕುರ್ಚಿ ಅಂತ ಜನ ತಿಳಿದಿದ್ದಾರೆ, ಬಹುಪಾಲು ಅದು ಮೈದಾನದಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಆಟಕ್ಕೆ ಇಳಿಯುವ ಮೊದಲು ಮಗುವಿನ ಬಾಯಲ್ಲಿ ಏನಿತ್ತು, ಪೆಟ್ಟು ಬಿದ್ದ ಮೊದಲ ಅರ್ಧ ಗಂಟೆಯಲ್ಲಿ ಪಕ್ಕದಲ್ಲಿದ್ದವರು ಏನು ಮಾಡಿದರು, ಇವೆರಡರ ಮೇಲೆ ಎಲ್ಲ ನಿಂತಿದೆ.

ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 20 ಮಂದಿ ಹಲ್ಲಿಗೆ ಪೆಟ್ಟು ಮಾಡಿಕೊಂಡಿರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಪೆಟ್ಟೆಲ್ಲ ಆಟದಲ್ಲೇ ಆದದ್ದಲ್ಲ. ಮೆಟ್ಟಿಲಿನಿಂದ ಬಿದ್ದದ್ದು, ಸ್ನಾನದ ಮನೆಯಲ್ಲಿ ಜಾರಿದ್ದು, ರಸ್ತೆ ಅಪಘಾತ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಆಟದ ಪಾಲು ದೊಡ್ಡದು. ಪೆಟ್ಟು ಬೀಳುವ ಹಲ್ಲುಗಳು ಯಾವುವೆಂದರೆ, ಹೆಚ್ಚುಕಡಿಮೆ ಯಾವಾಗಲೂ ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳೇ. ಮುಖದಲ್ಲಿ ಮೂಗಿನ ಕೆಳಗೆ ಮೊದಲು ತಾಗಿಸಿಕೊಳ್ಳುವ ಗಟ್ಟಿ ವಸ್ತು ಅವೇ.

ಆ ಹಲ್ಲುಗಳು ಬರುವುದು ಏಳೆಂಟನೆಯ ವರ್ಷದಲ್ಲಿ. ಹೊರಗೆ ನೋಡುವವರಿಗೆ ಪೂರ್ತಿ ಬೆಳೆದ ಹಲ್ಲಿನ ಹಾಗೆ ಕಾಣುತ್ತವೆ. ಮಗುವಿನ ಪುಟ್ಟ ಮುಖಕ್ಕೆ ಸ್ವಲ್ಪ ದೊಡ್ಡದಾಯಿತೇನೋ ಅನ್ನಿಸುತ್ತದೆ ಕೂಡ. ಆದರೆ ಒಸಡಿನ ಒಳಗೆ ಬೇರಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಹಲ್ಲು ಹೊರಬಂದ ಮೇಲೆ ಬೇರು ತುದಿಯವರೆಗೆ ಕಟ್ಟಿಕೊಳ್ಳಲು ಇನ್ನೂ ಸುಮಾರು ಮೂರು ವರ್ಷ ಬೇಕು. ಅಂದರೆ ಎಂಟರಿಂದ ಹತ್ತರವರೆಗಿನ ಮಗು ಓಡಿ, ಬಿದ್ದು, ಎದ್ದು ಆಡುವ ವಯಸ್ಸಿನಲ್ಲೇ ಅದರ ಮುಂಬಲ್ಲು ಅರ್ಧ ಕಟ್ಟಿದ ಸ್ಥಿತಿಯಲ್ಲಿರುತ್ತದೆ. ಆಗ ಒಳಗಿನ ನರ ಸತ್ತುಹೋದರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಬೇರಿನ ಗೋಡೆ ತೆಳ್ಳಗೇ ಉಳಿದು, ಮುಂದೆ ಸಣ್ಣ ಪೆಟ್ಟಿಗೂ ಬಿರುಕು ಬಿಡುವ ಹಲ್ಲಾಗುತ್ತದೆ.

ಕೆಲವು ಮಕ್ಕಳ ಮೇಲಿನ ಹಲ್ಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ತುಟಿ ಮುಚ್ಚಿದರೂ ಹಲ್ಲು ಪೂರ್ತಿ ಮರೆಯಾಗುವುದಿಲ್ಲ. ಇಂಥ ಮಕ್ಕಳಿಗೆ ಪೆಟ್ಟಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ತುಟಿ ಎಂಬ ಮೆತ್ತೆ ಅಲ್ಲಿ ಇಲ್ಲವಲ್ಲ. ಹದಿಮೂರು ಹದಿನಾಲ್ಕಾಗಲಿ, ಆಮೇಲೆ ಕ್ಲಿಪ್ ಹಾಕಿಸೋಣ ಎಂದು ಕಾಯುವ ಮನೆಗಳು ಬಹಳ. ಮಗು ಆಟದಲ್ಲಿ ಮುಂದಿದ್ದರೆ ಅಷ್ಟು ಕಾಯಬೇಡಿ, ಎಂಟು ಒಂಬತ್ತಕ್ಕೇ ಒಮ್ಮೆ ತೋರಿಸಿ. ಹಲ್ಲನ್ನು ಒಳಕ್ಕೆ ತರುವ ಕೆಲಸವನ್ನು ಬೇಗ ಶುರು ಮಾಡಬಹುದೋ ಎಂಬುದನ್ನು ದಂತವೈದ್ಯರು ನೋಡಿ ಹೇಳುತ್ತಾರೆ.

ಇನ್ನು ಆಟಗಳ ವಿಷಯ. ನಮ್ಮ ಶಾಲೆಗಳಲ್ಲಿ ಖೋ ಖೋ ಆಡದ ಹೆಣ್ಣುಮಕ್ಕಳು ಕಡಿಮೆ. ಅಂಕಣದ ಎರಡು ತುದಿಗೆ ನಾಲ್ಕು ಅಡಿ ಎತ್ತರದ ಕಂಬ. ಓಡುವವಳನ್ನು ಮುಟ್ಟಲು ಅಟ್ಟುವ ಹುಡುಗಿ ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ಮುಂದಕ್ಕೆ ಚಾಚಿ ಹಾರುತ್ತಾಳೆ. ನೋಡಲು ಅಷ್ಟು ಚೆಂದದ ದೃಶ್ಯ ನಮ್ಮ ಆಟಗಳಲ್ಲಿ ಮತ್ತೊಂದಿಲ್ಲ. ಕೈ ಜಾರಿದರೆ ಗಲ್ಲ ನೇರ ನೆಲಕ್ಕೆ, ಇಲ್ಲವೇ ಬಾಯಿ ಕಂಬಕ್ಕೆ. ಕಬಡ್ಡಿಯಲ್ಲಿ ಕಂಬ ಇಲ್ಲ, ಆದರೆ ಮೊಣಕಾಲು, ಮೊಣಕೈ, ತಲೆ ಇವೆ. ರೈಡರ್‌ನ ಕಾಲು ಹಿಡಿಯಲು ಬಗ್ಗಿದವನ ಮುಖಕ್ಕೆ ಅದೇ ಕಾಲು ಒದ್ದುಕೊಳ್ಳುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಆಟ ಇರುವುದೇ ಹಾಗೆ.

ಕ್ರಿಕೆಟ್ಟಿನ ಲೆದರ್ ಚೆಂಡು, ಹಾಕಿಯ ಪ್ಲಾಸ್ಟಿಕ್ ಚೆಂಡು ಎರಡೂ ಸುಮಾರು 160 ಗ್ರಾಂ ತೂಗುತ್ತವೆ. ಟೆನಿಸ್ ಚೆಂಡಿನಲ್ಲಿ ಆಡುತ್ತಿದ್ದ ಮಗು ಅಕಾಡೆಮಿಗೆ ಸೇರಿ ಲೆದರ್ ಚೆಂಡಿಗೆ ಬಂದ ದಿನದಿಂದ ಅಪಾಯದ ಲೆಕ್ಕವೇ ಬದಲಾಗುತ್ತದೆ. ಬ್ಯಾಟ್ ಹಿಡಿದವನಿಗೆ ಹೆಲ್ಮೆಟ್ ಹಾಕಿಸುತ್ತೇವೆ, ಅದು ಸರಿ. ಆದರೆ ವಿಕೆಟ್ ಹಿಂದೆ ಸ್ಟಂಪಿಗೆ ಅಂಟಿಕೊಂಡು ನಿಂತ ಪುಟ್ಟ ಕೀಪರ್, ಶಾರ್ಟ್ ಲೆಗ್ಗಿನಲ್ಲಿ ಕೂತ ಹುಡುಗ, ನೆಟ್ಸ್ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತ ಬೇರೆ ಕಡೆ ನೋಡುತ್ತಿರುವ ಮಗು, ಇವರ ಮುಖಕ್ಕೆ ಏನಿದೆ? ಇನ್ನೊಂದು ಸಂಗತಿಯನ್ನೂ ನೋಡಿದ್ದೇನೆ. ಅಣ್ಣನ ಹೆಲ್ಮೆಟ್ಟನ್ನು ತಮ್ಮ ಹಾಕಿಕೊಂಡಿರುತ್ತಾನೆ. ಅದು ತಲೆಯ ಮೇಲೆ ಅಲ್ಲಾಡುತ್ತದೆ, ಗ್ರಿಲ್ ಮತ್ತು ಮೇಲಿನ ಅಂಚಿನ ನಡುವೆ ಚೆಂಡು ನುಸುಳುವಷ್ಟು ಕಂಡಿ ಬಿಟ್ಟಿರುತ್ತದೆ. ಅಳತೆಗೆ ಕೂರದ ಹೆಲ್ಮೆಟ್ ಅರ್ಧ ಹೆಲ್ಮೆಟ್.

2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆ ಅವರಿಗೆ ಮರ್ವಿನ್ ಡಿಲ್ಲನ್ ಅವರ ಚೆಂಡು ತಗುಲಿ ದವಡೆ ಮುರಿದದ್ದು ನಿಮಗೆ ನೆನಪಿರಬಹುದು. ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿದರು, ಬ್ರಯನ್ ಲಾರಾ ಅವರ ವಿಕೆಟ್ ಕಿತ್ತರು, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಆ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಮಕ್ಕಳಿಗೆ ಆ ಕತೆ ಹೇಳುವಾಗ ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ ಎಂದು ಕೋಚ್‌ಗಳಲ್ಲಿ ಕೇಳಿಕೊಳ್ಳುತ್ತೇನೆ: ಬೆಳೆದು ನಿಂತ ಆಟಗಾರನ ದವಡೆ ಕೂಡಿಕೊಂಡು ಮೊದಲಿನಂತಾಗುತ್ತದೆ. ಒಂಬತ್ತು ವರ್ಷದ ಹುಡುಗನ ಬೇರು ಕಟ್ಟದ ಹಲ್ಲು ಹಾಗಾಗುತ್ತದೆಂಬ ಭರವಸೆ ಇಲ್ಲ. ನೋವು ನುಂಗಿಕೊಂಡು ಆಡು ಎಂದು ಮಗುವಿಗೆ ಹೇಳಬಾರದು.

ಕೊಡಗಿನವರಿಗೆ ಹಾಕಿ ಅಂದರೆ ಮನೆಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿ ಗೋಲ್‌ಕೀಪರ್ ಮೈತುಂಬ ರಕ್ಷಾಕವಚ ತೊಟ್ಟಿರುತ್ತಾನೆ, ಉಳಿದವರ ಕಾಲಿಗೆ ಶಿನ್ ಪ್ಯಾಡ್ ಇರುತ್ತದೆ. ಮೊಣಕಾಲ ಕೆಳಗಿನ ಮೂಳೆಗೆ ಕೊಟ್ಟಷ್ಟು ಕಾಳಜಿಯನ್ನು ಬಾಯಿಗೂ ಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚೇನೂ ನಾನು ಕೇಳುತ್ತಿಲ್ಲ. ಸ್ಕೇಟಿಂಗ್ ಮಕ್ಕಳ ಮೊಣಕೈ, ಮೊಣಕಾಲು, ತಲೆ ಮೂರಕ್ಕೂ ಕಾಪು ಇದೆ, ಬಾಯಿಗೆ ಇಲ್ಲ. ಈಜುಕೊಳದಲ್ಲಿ ಅಂಚಿನ ಕಲ್ಲಿಗೆ ಹಲ್ಲು ತಾಗಿ ಮುರಿಯುವುದು ಸಾಮಾನ್ಯ. ಅಲ್ಲಿ ಸಲಕರಣೆ ಏನೂ ಬೇಡ, ದಡದಲ್ಲಿ ಓಡಬಾರದು ಎಂಬ ನಿಯಮವನ್ನು ಗಟ್ಟಿಯಾಗಿ ಪಾಲಿಸಿದರೆ ಆಯಿತು.

ಬಾಯಿಗೆ ಹಾಕುವ ಕಾಪಿಗೆ ಮೌತ್‌ಗಾರ್ಡ್ ಎನ್ನುತ್ತಾರೆ. ಮೇಲಿನ ಹಲ್ಲಿನ ಸಾಲನ್ನು ಮುಚ್ಚಿ ಕೂರುವ, ರಬ್ಬರಿನಂತೆ ಬಾಗುವ ಮೆತ್ತನೆಯ ಕವಚ ಅದು. ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ವೂಲ್ಫ್ ಕ್ರೌಸ್ ಎಂಬ ದಂತವೈದ್ಯರು ಬಾಕ್ಸಿಂಗ್ ಪಟುಗಳ ಹಲ್ಲಿನ ಮೇಲೆ ಗಟ್ಟಾಪರ್ಚಾ ಎಂಬ ಮರದ ಅಂಟಿನ ಪಟ್ಟಿ ಇಡುತ್ತಿದ್ದರು, ತುಟಿ ಹರಿಯದಿರಲಿ ಎಂದು. ಅಲ್ಲಿಂದ ಬೆಳೆದು ಬಂದ ವಸ್ತು ಇದು. ಇದರ ಕೆಲಸ ಮೂರು ಬಗೆಯದು. ಒಂದು ಜಾಗಕ್ಕೆ ಬಿದ್ದ ಪೆಟ್ಟನ್ನು ಇಡೀ ಸಾಲಿಗೆ ಹರಡಿ ಅದರ ಬಿರುಸನ್ನು ತಗ್ಗಿಸುತ್ತದೆ. ಹಲ್ಲಿಗೂ ತುಟಿಗೂ ನಡುವೆ ನಿಂತು ತುಟಿ ಕತ್ತರಿಸದಂತೆ ತಡೆಯುತ್ತದೆ. ಗಲ್ಲದ ಕೆಳಗಿನಿಂದ ಪೆಟ್ಟು ಬಿದ್ದಾಗ ಮೇಲಿನ ದವಡೆಗೆ ಕೆಳಗಿನ ದವಡೆ ಟಕ್ಕೆಂದು ಬಡಿಯುವುದನ್ನು ತಪ್ಪಿಸುತ್ತದೆ. ಹೀಗೆ ಬಡಿದು ಹಿಂದಿನ ದವಡೆಹಲ್ಲು ಸೀಳುವುದೂ ಉಂಟು, ಅದು ಕನ್ನಡಿಯಲ್ಲಿ ಕಾಣುವುದಿಲ್ಲವಾಗಿ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಕೇಳುವವರಿಗೆ ನಾನು ನ್ಯೂಜಿಲೆಂಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ರಗ್ಬಿ ಆಟ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಹುಚ್ಚು. ಅಪಘಾತದ ಚಿಕಿತ್ಸೆಗೆ ಸರ್ಕಾರಿ ನಿಗಮವೇ ಪರಿಹಾರ ಕೊಡುವುದರಿಂದ ಒಡೆದ ಪ್ರತಿಯೊಂದು ಹಲ್ಲಿಗೂ ಕಡತದಲ್ಲಿ ದಾಖಲೆ ಉಳಿಯುತ್ತದೆ. 1997ರಿಂದ ಹಂತಹಂತವಾಗಿ ಆ ದೇಶದ ರಗ್ಬಿಯಲ್ಲಿ ಮೌತ್‌ಗಾರ್ಡ್ ಕಡ್ಡಾಯವಾಯಿತು. 1995ರಿಂದ 2003ರ ನಡುವೆ ರಗ್ಬಿಯಲ್ಲಿ ಆದ ಹಲ್ಲಿನ ಪೆಟ್ಟಿಗೆ ಪರಿಹಾರ ಕೇಳುವ ಅರ್ಜಿಗಳು ಶೇಕಡ 43ರಷ್ಟು ಕಡಿಮೆಯಾದವು. ಆಟದ ಬಿರುಸನ್ನು ಯಾರೂ ತಗ್ಗಿಸಿರಲಿಲ್ಲ. ಬಾಯಲ್ಲಿ ಒಂದು ಕವಚ ಬಂದಿತ್ತು, ಅಷ್ಟೇ.

ಅಂಗಡಿಯಲ್ಲಿ ಸಿಗುವ ಗಾರ್ಡ್‌ಗಳಲ್ಲಿ ಎರಡು ತರಹ. ಒಂದು, ಪೊಟ್ಟಣ ಬಿಚ್ಚಿ ಹಾಗೇ ಬಾಯಿಗೆ ಹಾಕಿಕೊಳ್ಳುವಂಥದ್ದು. ದಯವಿಟ್ಟು ಅದನ್ನು ತರಬೇಡಿ. ಅದು ಯಾರ ಬಾಯಿಗೂ ಸರಿಯಾಗಿ ಕೂರುವುದಿಲ್ಲ. ಹಲ್ಲು ಕಚ್ಚಿ ಹಿಡಿದರೆ ಮಾತ್ರ ನಿಲ್ಲುತ್ತದೆ, ಬಾಯಿ ತೆರೆದರೆ ಬೀಳುತ್ತದೆ. ಎರಡನೆಯದು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಯಲ್ಲಿಟ್ಟು ಕಚ್ಚಿ, ಬೆರಳಿಂದ ಒತ್ತಿ ಆಕಾರ ಕೊಡುವಂಥದ್ದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದ ಕ್ರಮವನ್ನು ತಪ್ಪದೆ ಅನುಸರಿಸಿದರೆ ಪರವಾಗಿಲ್ಲ. ಆದರೆ ಮಕ್ಕಳು ಬಲವಾಗಿ ಕಚ್ಚಿಬಿಡುತ್ತಾರೆ, ಮುಂಬಲ್ಲಿನ ಕಡೆ ತೆಳ್ಳಗಾಗಿ ಎಲ್ಲಿ ದಪ್ಪ ಬೇಕೋ ಅಲ್ಲೇ ಇಲ್ಲದಂತಾಗುತ್ತದೆ. ಆಕಾರ ಕೊಡುವಾಗ ದೊಡ್ಡವರು ಪಕ್ಕದಲ್ಲಿರಬೇಕು. ಮುಂದಿನ ಭಾಗದಲ್ಲಿ ಕನಿಷ್ಠ ಮೂರು ಮಿಲಿಮೀಟರ್ ದಪ್ಪ ಉಳಿದಿದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಒಳ್ಳೆಯದು ದಂತವೈದ್ಯರ ಬಳಿ ಅಳತೆ ಕೊಟ್ಟು ಮಾಡಿಸಿದ್ದು. ಅದನ್ನು ಮಾಡುವ ರೀತಿಯನ್ನು ಹೇಳಿದರೆ ಮಕ್ಕಳ ಹೆದರಿಕೆ ಹೋಗುತ್ತದೆ. ಆಲ್ಜಿನೇಟ್ ಎಂಬ ಪುಡಿಯನ್ನು ರಬ್ಬರ್ ಬಟ್ಟಲಲ್ಲಿ ನೀರು ಹಾಕಿ ಕಲೆಸುತ್ತೇವೆ. ಕಡಲಪಾಚಿಯಿಂದ ತೆಗೆದ ಪುಡಿ ಅದು. ಕಲೆಸಿದ್ದನ್ನು ಹಲ್ಲಿನ ಸಾಲಿನ ಆಕಾರದ ತಟ್ಟೆಗೆ ತುಂಬಿ ಮೇಲಿನ ಹಲ್ಲಿಗೆ ಒತ್ತಿ ಹಿಡಿಯುತ್ತೇವೆ. 'ಮೂಗಲ್ಲಿ ಉಸಿರಾಡು ಪುಟ್ಟಾ, ಕಾಲು ಬೆರಳು ಅಲ್ಲಾಡಿಸು ನೋಡೋಣ' ಅಂತ ಮಾತಾಡಿಸುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಚುಚ್ಚುಮದ್ದು ಇಲ್ಲ, ನೋವು ಇಲ್ಲ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ಮಗುವಿನ ಹಲ್ಲಿನ ಪ್ರತಿರೂಪ ತೆಗೆಯುತ್ತೇವೆ. ಆಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಯಂತ್ರದಲ್ಲಿ ಕಾಯಿಸಿ, ಅದು ಮೆತ್ತಗಾಗಿ ಜೋಲು ಬಿದ್ದಾಗ ಪ್ಲಾಸ್ಟರ್ ಹಲ್ಲಿನ ಮೇಲೆ ಇಳಿಸುತ್ತೇವೆ. ಯಂತ್ರ ಗಾಳಿ ಎಳೆದುಕೊಳ್ಳುತ್ತದೆ, ಹಾಳೆ ಪ್ರತಿ ಹಲ್ಲಿನ ಏರುತಗ್ಗಿಗೂ ಅಂಟಿಕೊಳ್ಳುತ್ತದೆ. ಅಂಚು ಕತ್ತರಿಸಿ ನಯ ಮಾಡಿದರೆ ಮುಗಿಯಿತು. ಕೆಂಪು, ಹಳದಿ, ನೀಲಿ ಬಣ್ಣದ ಹಾಳೆಗಳೂ ಬರುತ್ತವೆ. ಬಣ್ಣವನ್ನು ಮಗುವೇ ಆರಿಸಲಿ. ತಾನೇ ಆರಿಸಿದ್ದನ್ನು ಮಕ್ಕಳು ಹಾಕಿಕೊಳ್ಳುತ್ತಾರೆ.

ಕಬಡ್ಡಿ ತರಬೇತುದಾರರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. ಬಾಯಲ್ಲಿ ಇದನ್ನಿಟ್ಟುಕೊಂಡರೆ ಹುಡುಗ 'ಕಬಡ್ಡಿ ಕಬಡ್ಡಿ' ಎಂದು ಉಸಿರು ಬಿಡದೆ ಹೇಳುವುದು ಹೇಗೆ, ಅಂಪೈರ್‌ಗೆ ಕೇಳಿಸುವುದು ಹೇಗೆ? ಅಂಗಡಿಯ ಸಡಿಲ ಗಾರ್ಡ್ ಹಾಕಿಕೊಂಡರೆ ಹೇಳಲಾಗುವುದಿಲ್ಲ, ಅದು ನಿಜ. ಅಳತೆಗೆ ಮಾಡಿದ್ದು ಮೇಲಿನ ಹಲ್ಲಿಗೆ ತಾನಾಗಿ ಅಂಟಿ ನಿಲ್ಲುವುದರಿಂದ ನಾಲಿಗೆಗೆ ಜಾಗ ಇರುತ್ತದೆ. ಅಂಗುಳಿನ ಕಡೆ ಸ್ವಲ್ಪ ಗಿಡ್ಡವಾಗಿ ಕತ್ತರಿಸಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ವಾರ ಅಭ್ಯಾಸದ ಹೊತ್ತಿನಲ್ಲಿ ಹಾಕಿ ಆಡಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಪಂದ್ಯದ ದಿನ ಮೊದಲ ಸಲ ಹಾಕಿಸಬೇಡಿ.

ಒಂದು ಕಷ್ಟವನ್ನು ಮುಚ್ಚಿಡುವುದಿಲ್ಲ. ಏಳರಿಂದ ಹನ್ನೆರಡರವರೆಗೆ ಮಕ್ಕಳ ಬಾಯಲ್ಲಿ ಹಾಲುಹಲ್ಲು ಬೀಳುತ್ತಾ ಹೊಸ ಹಲ್ಲು ಏಳುತ್ತಾ ಇರುತ್ತದೆ. ಹೋದ ವರ್ಷದ ಗಾರ್ಡ್ ಈ ವರ್ಷ ಕೂರುವುದಿಲ್ಲ. ಬಿಗಿಯಾದ ಗಾರ್ಡನ್ನು ಬಲವಂತವಾಗಿ ಹಾಕಿಸಿದರೆ ಏಳುವ ಹಲ್ಲಿಗೆ ಅಡ್ಡಿ. ಹಾಗಾಗಿ ಪ್ರತಿ ವರ್ಷ ಆಟದ ಋತು ಶುರುವಾಗುವ ಮುನ್ನ ತೋರಿಸಿ, ಬೇಕಿದ್ದರೆ ಹೊಸದು ಮಾಡಿಸಬೇಕು. ಖಾಸಗಿಯಾಗಿ ಮಾಡಿಸುವುದು ಭಾರ ಎನ್ನುವವರಿಗೆ ದಂತ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ರಾಜ್ಯದಲ್ಲಿ ಅವಕ್ಕೆ ಕೊರತೆಯಿಲ್ಲ. ಅಲ್ಲಿನ ಮಕ್ಕಳ ದಂತ ವಿಭಾಗದಲ್ಲಿ ವಿಚಾರಿಸಿ. ಇಡೀ ಶಾಲಾ ತಂಡಕ್ಕೆ ಒಟ್ಟಿಗೆ ಮಾಡಿಕೊಡಿ ಎಂದು ಮುಖ್ಯೋಪಾಧ್ಯಾಯರು ಒಂದು ಪತ್ರ ಬರೆದು ಕೇಳಬಹುದು. ಬಡ ಕುಟುಂಬದ ಹಿರಿಯರಿಗೆ ದಂತಪಂಕ್ತಿ ಕಟ್ಟಿಕೊಡಲು ನಮ್ಮ ಸರ್ಕಾರ ದಂತಭಾಗ್ಯ ಎಂಬ ಯೋಜನೆ ತಂದಿತ್ತು. ಜಿಲ್ಲಾ ಮಟ್ಟಕ್ಕೆ ಹೋಗುವ ಸರ್ಕಾರಿ ಶಾಲೆಯ ಆಟಗಾರರಿಗೆ ಸಮವಸ್ತ್ರದ ಜೊತೆ ಒಂದು ಗಾರ್ಡ್ ಕೊಡುವುದು ಅದಕ್ಕಿಂತ ಎಷ್ಟೋ ಸಣ್ಣ ಖರ್ಚು. ಈ ಬೇಡಿಕೆಯನ್ನು ನಾನು ಬಾನುಲಿಯ ಮೂಲಕವೇ ಇಡುತ್ತಿದ್ದೇನೆ.

ಗಾರ್ಡ್ ನೋಡಿಕೊಳ್ಳುವುದು ಸುಲಭ. ಆಟ ಮುಗಿದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ತೊಳೆದು, ತೂತಿರುವ ಡಬ್ಬಿಯಲ್ಲಿಡಿ. ಬಿಸಿನೀರು ತಾಗಿದರೆ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ. ಅದನ್ನು ಹಾಕಿಕೊಂಡೇ ಸಿಹಿ ಪಾನೀಯ ಕುಡಿದರೆ ಸಕ್ಕರೆ ಹಲ್ಲಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಆಟದ ನಡುವೆ ನೀರೇ ಒಳ್ಳೆಯದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಿಗೆ ಗಾರ್ಡ್ ಇನ್ನೂ ಹೆಚ್ಚು ಬೇಕು. ಚೆಂಡು ತಾಗಿದರೆ ತಂತಿಯ ಮೇಲೆ ತುಟಿ ಒತ್ತಿ ಒಳಗೆಲ್ಲ ಹರಿದುಹೋಗುತ್ತದೆ. ಅವರಿಗೆಂದೇ ಬೇರೆ ರೀತಿಯಲ್ಲಿ ಮಾಡುತ್ತಾರೆ, ಕ್ಲಿಪ್ ಹಾಕಿದ ವೈದ್ಯರನ್ನೇ ಕೇಳಿ. ಮತ್ತೊಂದು ಎಚ್ಚರಿಕೆ: ಗಾರ್ಡ್ ಇದ್ದರೆ ಮಿದುಳಿಗೆ ಪೆಟ್ಟಾಗುವುದಿಲ್ಲ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ. ಅದು ಕಾಯುವುದು ಹಲ್ಲನ್ನು, ತುಟಿಯನ್ನು. ತಲೆಗೆ ಹೆಲ್ಮೆಟ್ ಬೇಕೇ ಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಹಲ್ಲು ಕಿತ್ತು ಬರಬಹುದು. ಇನ್ನು ಮುಂದಿನ ಮಾತನ್ನು ದೈಹಿಕ ಶಿಕ್ಷಕರು, ಶಾಲೆಯ ಆಯಾಗಳು, ಶಾಲಾ ವಾಹನದ ಚಾಲಕರು, ಮಕ್ಕಳು ಕೂಡ ಗಮನವಿಟ್ಟು ಕೇಳಬೇಕು.

ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಹಗ್ಗಗಳಿಂದ ತೂಗುಬಿಟ್ಟ ತೊಟ್ಟಿಲಿನಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ನಾರುಗಳು ಬೇರನ್ನು ಮೂಳೆಯ ಗುಳಿಯೊಳಗೆ ಹಿಡಿದಿಟ್ಟಿರುತ್ತವೆ. ಹಲ್ಲು ಕಿತ್ತು ಬಂದಾಗ ಈ ನಾರುಗಳು ಹರಿದು, ಅರ್ಧ ಭಾಗ ಬೇರಿನ ಮೇಲೆ ಉಳಿಯುತ್ತದೆ. ಅಲ್ಲಿರುವ ಜೀವಕೋಶಗಳಿಗೆ ಇನ್ನೂ ಜೀವ ಇರುತ್ತದೆ. ಅವು ಬದುಕಿರುವಾಗಲೇ ಹಲ್ಲನ್ನು ಗುಳಿಗೆ ಮರಳಿಸಿದರೆ ನಾರುಗಳು ಮತ್ತೆ ಬೆಸೆದುಕೊಳ್ಳುತ್ತವೆ. ಗಾಳಿಗೆ ಒಣಗಿದರೆ ಅವು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತವೆ. ಒಂದು ಗಂಟೆ ಒಣಗಿದ ಹಲ್ಲಿನಲ್ಲಿ ಬದುಕಿದ ಕೋಶ ಉಳಿದಿರುವುದಿಲ್ಲ ಎಂದೇ ಲೆಕ್ಕ. ಕೋಪನ್‌ಹೇಗನ್‌ನ ಯೆನ್ಸ್ ಆಂದ್ರೆಯಾಸೆನ್ ಅವರು ತಮ್ಮ ಜೀವಮಾನವನ್ನೆಲ್ಲ ಪೆಟ್ಟು ತಿಂದ ಹಲ್ಲುಗಳ ಅಧ್ಯಯನಕ್ಕೇ ಕೊಟ್ಟವರು. ಕಿತ್ತು ಬಂದು ಮತ್ತೆ ಕೂರಿಸಿದ 400 ಬಾಚಿಹಲ್ಲುಗಳನ್ನು ಅವರೂ ಅವರ ಸಂಗಡಿಗರೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿ 1995ರಲ್ಲಿ ಪ್ರಕಟಿಸಿದರು. ಐದು ನಿಮಿಷದೊಳಗೆ ಮರಳಿ ಕೂರಿಸಿದ ಹಲ್ಲುಗಳು ಉಳಿದೆಲ್ಲಕ್ಕಿಂತ ಚೆನ್ನಾಗಿ ಗುಣವಾಗಿದ್ದವು. ಐದು ನಿಮಿಷದಲ್ಲಿ ಯಾವ ಮಗು ಆಸ್ಪತ್ರೆ ತಲುಪೀತು? ಅದಕ್ಕೇ ಹೇಳಿದ್ದು, ಇದು ಮೈದಾನದಲ್ಲಿರುವವರ ಕೈಯಲ್ಲಿದೆ ಎಂದು.

ಮೊದಲು ಮಗುವನ್ನು ನೋಡಿ. ಪ್ರಜ್ಞೆ ತಪ್ಪಿದೆಯೇ, ವಾಂತಿ ಮಾಡಿತೇ, ಮಂಕಾಗಿದೆಯೇ? ಹಾಗಿದ್ದರೆ ಹಲ್ಲಿನ ಮಾತು ಆಮೇಲೆ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಎಚ್ಚರವಾಗಿದ್ದರೆ ಹಲ್ಲನ್ನು ಹುಡುಕಿ. ಸಿಗಲೇ ಇಲ್ಲವೆಂದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಉಸಿರಿನ ಜೊತೆ ಒಳಗೆ ಹೋಗಿದ್ದರೆ ಎದೆಯ ಎಕ್ಸ್‌ರೇ ತೆಗೆಯಬೇಕಾದೀತು. ಸಿಕ್ಕಿದ ಹಲ್ಲನ್ನು ಬಾಯಲ್ಲಿ ಕಾಣುವ ಬಿಳಿಯ ಭಾಗದಲ್ಲಿ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಮಗುವಿನ ಎಂಜಲಿನಲ್ಲೋ ಹಗುರವಾಗಿ ಅದ್ದಿ ತೆಗೆಯಿರಿ. ಏನೂ ಇಲ್ಲದಿದ್ದರೆ ನಲ್ಲಿಯ ತಣ್ಣೀರಿನ ಕೆಳಗೆ ಕೆಲವೇ ಸೆಕೆಂಡು ಹಿಡಿಯಿರಿ. ಉಜ್ಜಬೇಡಿ, ಕೆರೆಯಬೇಡಿ. ಆಮೇಲೆ ಪಕ್ಕದ ಹಲ್ಲನ್ನು ನೋಡಿಕೊಂಡು, ಉಬ್ಬಿದ ನುಣುಪು ಭಾಗ ತುಟಿಯ ಕಡೆ ಬರುವಂತೆ ಮೆಲ್ಲಗೆ ಗುಳಿಗೆ ಇಳಿಸಿ. ಮಗು ಮಡಚಿದ ಕರವಸ್ತ್ರವನ್ನು ಕಚ್ಚಿ ಹಿಡಿದುಕೊಳ್ಳಲಿ. ಹಾಗೇ ದಂತವೈದ್ಯರಲ್ಲಿಗೆ ಹೊರಡಿ.

ಕೈ ನಡುಗುತ್ತದೆ, ಮೇಡಂ, ನಮ್ಮಿಂದಾಗದು ಎನ್ನುತ್ತಾರೆ ಶಿಕ್ಷಕರು. ಆಗದಿದ್ದರೆ ಪರವಾಗಿಲ್ಲ, ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ತನ್ನಿ. ನಮ್ಮ ನಾಡಿನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಸಿಗದ ಊರು ಅಪರೂಪ. ಹಾಲಿನ ಸಾಂದ್ರತೆ ನಮ್ಮ ಮೈಯ ದ್ರವಗಳಿಗೆ ಹತ್ತಿರದ್ದು, ಹುಳಿಯೂ ಇಲ್ಲ. ಅದರಲ್ಲಿ ಕೋಶಗಳು ಕೆಲವು ಗಂಟೆ ಉಸಿರು ಹಿಡಿದಿರುತ್ತವೆ. ಬರೀ ನೀರಿನಲ್ಲಿಟ್ಟರೆ ಅವು ನೀರು ಹೀರಿ ಊದಿ ಒಡೆಯುತ್ತವೆ. ಬಿಸಿ ಹಾಲು ಬೇಡ, ಸಕ್ಕರೆ ಹಾಕಿದ ಹಾಲು ಬೇಡ, ಮೊಸರು ಮಜ್ಜಿಗೆ ಬೇಡ. ಎಳನೀರು ಆಗುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ಕೆಲವು ಪ್ರಯೋಗಗಳು ಅದನ್ನು ಹೊಗಳಿವೆ, ಬೇರೆ ಕೆಲವು ಅದರ ಹುಳಿಗುಣದಿಂದ ಕೋಶಗಳಿಗೆ ಹಾನಿ ಎಂದಿವೆ. ಹಾಲು ಸಿಗುವಲ್ಲಿ ಹಾಲೇ ಮೊದಲು. ಯಾವುದೂ ಇಲ್ಲದಿದ್ದರೆ ಮಗುವಿನಿಂದ ಒಂದು ಲೋಟಕ್ಕೆ ಎಂಜಲು ಉಗುಳಿಸಿ ಅದರಲ್ಲಿ ಇಡಿ.

ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ರೂಢಿ ಇದೆ. ಹಾಲುಹಲ್ಲಿಗೆ ಅದು ಸರಿ, ಮಕ್ಕಳಿಗೆ ಸಂಭ್ರಮ ಕೂಡ. ಆದರೆ ಬಿದ್ದ ಹಲ್ಲು ಎಂದರೆ ಮುಗಿದ ಹಲ್ಲು ಎಂಬ ಎಣಿಕೆ ಅದರಿಂದಲೇ ನಮ್ಮ ಮನಸ್ಸಿನಲ್ಲಿ ಕೂತಿದೆ ಅನ್ನಿಸುತ್ತದೆ. ಒಮ್ಮೆ ತಾಲ್ಲೂಕು ಮಟ್ಟದ ಖೋ ಖೋ ಪಂದ್ಯದಲ್ಲಿ ಕಂಬಕ್ಕೆ ಬಡಿದುಕೊಂಡ ಹನ್ನೊಂದರ ಹುಡುಗಿಯೊಬ್ಬಳನ್ನು ಸಂಜೆ ಅವಳ ತಂದೆ ಕರೆತಂದರು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಹತ್ತಿಯ ಮೇಲೆ ಹಲ್ಲು, ಬೆಳ್ಳಗೆ ಹೊಳೆಯುತ್ತಿತ್ತು. 'ಸೋಪು ಹಾಕಿ ಬ್ರಷ್ಷಲ್ಲಿ ಚೆನ್ನಾಗಿ ತಿಕ್ಕಿದೀನಿ ಡಾಕ್ಟ್ರೇ, ಒಂಚೂರೂ ಮಣ್ಣಿಲ್ಲ' ಅಂದರು. ಮಗಳಿಗಾಗಿ ಅಷ್ಟು ಮುತುವರ್ಜಿಯಿಂದ ಮಾಡಿದ್ದ ಕೆಲಸ. ಬೇರಿನ ಮೇಲೆ ಉಳಿದಿದ್ದ ಜೀವವೆಲ್ಲ ಆ ಬ್ರಷ್ಷಿನಿಂದಲೇ ಹೋಗಿತ್ತು. ಅವರಿಗೆ ಯಾರೂ ಹೇಳಿರಲಿಲ್ಲ. ಹಲ್ಲನ್ನು ಕೂರಿಸಿದೆವು, ಹೆಚ್ಚು ವರ್ಷ ಬಾಳಲಾರದು ಎಂದು ತಿಳಿಸಿಯೇ ಕೂರಿಸಿದೆವು.

ಬಾಳದ ಹಲ್ಲನ್ನು ಯಾಕೆ ಕೂರಿಸುತ್ತೀರಿ ಎಂದು ನೀವು ಕೇಳಬಹುದು. ಸತ್ತ ಕೋಶಗಳ ಹಲ್ಲು ಮೂಳೆಗೆ ಅಂಟಿಕೊಂಡು, ಕ್ರಮೇಣ ಬೇರು ಕರಗಿ ಆ ಜಾಗಕ್ಕೆ ಮೂಳೆ ಬರುತ್ತದೆ. ಆದರೂ ಅದು ಇರುವಷ್ಟು ವರ್ಷ ಮಗು ಬಾಯ್ತುಂಬ ನಗುತ್ತದೆ, ಅಕ್ಷರ ಸ್ಪಷ್ಟವಾಗಿ ಉಚ್ಚರಿಸುತ್ತದೆ, ದವಡೆಯ ಆ ಜಾಗದ ಮೂಳೆ ಸವೆಯದೆ ಉಳಿಯುತ್ತದೆ. ಮುಖದ ಬೆಳವಣಿಗೆ ನಿಲ್ಲುವವರೆಗೆ, ಅಂದರೆ ಹದಿನೆಂಟು ದಾಟುವವರೆಗೆ, ಇಂಪ್ಲಾಂಟ್ ಹಾಕುವಂತಿಲ್ಲ. ಹನ್ನೊಂದರಿಂದ ಹದಿನೆಂಟು ಎಂದರೆ ಇಡೀ ಹೈಸ್ಕೂಲು ಮತ್ತು ಪಿಯುಸಿ. ಮುಂಬಲ್ಲಿಲ್ಲದೆ ಆ ವರ್ಷಗಳನ್ನು ಕಳೆಯುವ ಮಗು ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ತಡವಾಯಿತೆಂದು ಹಲ್ಲನ್ನು ಎಸೆಯಬೇಡಿ, ತನ್ನಿ.

ಹಾಲುಹಲ್ಲು ಕಿತ್ತು ಬಂದರೆ ಮಾತ್ರ ಮತ್ತೆ ಕೂರಿಸಬಾರದು. ಅದರ ಮೇಲ್ಗಡೆ ದವಡೆಯೊಳಗೆ ಮೊಳೆಯುತ್ತಿರುವ ಖಾಯಂ ಹಲ್ಲಿಗೆ ಅದರಿಂದ ತೊಂದರೆ. ಯಾವ ಹಲ್ಲೆಂದು ಅನುಮಾನವಿದ್ದರೆ ಗುಳಿಗೆ ಇಳಿಸದೆ ಹಾಲಿಗೆ ಹಾಕಿ ತನ್ನಿ, ನಾವು ನೋಡುತ್ತೇವೆ. ಹಲ್ಲು ಮುರಿದಿದ್ದರೆ ಚೂರನ್ನು ಹುಡುಕಿ, ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ; ಎಷ್ಟೋ ಸಲ ಅದೇ ಚೂರನ್ನು ಅಂಟಿಸಬಹುದು. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ನರ ತೆರೆದುಕೊಂಡಿದೆ ಎಂದರ್ಥ. ಅಂದೇ ಬಂದರೆ ಎಳೆಯ ಹಲ್ಲಿನ ನರವನ್ನು ಉಳಿಸಿ ಬೇರು ಬೆಳೆಯಲು ಬಿಡುವ ಚಿಕಿತ್ಸೆ ಇದೆ. ಅಲ್ಲಾಡುವ, ಒಳಕ್ಕೆ ಹೋದ, ಪಕ್ಕಕ್ಕೆ ಸರಿದ ಹಲ್ಲನ್ನೂ ಅಂದೇ ತೋರಿಸಬೇಕು. ರಕ್ತ ಬರುವ ಗುಳಿಗೆ ಕಾಫಿಪುಡಿ, ಅರಿಸಿನ ತುಂಬಬೇಡಿ.

ಕೂರಿಸಿದ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಎರಡು ವಾರ ಕಟ್ಟುತ್ತೇವೆ. ಬೇರು ಪೂರ್ತಿ ಕಟ್ಟಿದ ಹಲ್ಲಾದರೆ ಆ ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡುತ್ತೇವೆ. ಧನುರ್ವಾತದ ಚುಚ್ಚುಮದ್ದು ಬೇಕೇ ಎಂದು ನೋಡುತ್ತೇವೆ. ಗಂಜಿ, ಮೆತ್ತನೆಯ ಅನ್ನ, ನೆನೆಸಿದ ಇಡ್ಲಿ ತಿನ್ನುವ ದಿನಗಳು ಅವು. ಆಮೇಲೆ ಐದು ವರ್ಷದವರೆಗೆ ಆಗಾಗ ಬಂದು ಎಕ್ಸ್‌ರೇ ತೆಗೆಸಬೇಕು. ನೋವಿಲ್ಲವೆಂದು ಬಹಳ ಮಂದಿ ಬರುವುದನ್ನು ನಿಲ್ಲಿಸುತ್ತಾರೆ, ಅದೇ ನಮಗೆ ದೊಡ್ಡ ಚಿಂತೆ. ಪೆಟ್ಟು ತಿಂದ ಹಲ್ಲು ಸದ್ದಿಲ್ಲದೆ ಸಾಯುತ್ತದೆ. ತಿಂಗಳುಗಳ ನಂತರ ಬೂದಿಬಣ್ಣಕ್ಕೆ ತಿರುಗಿದಾಗಲೋ ಒಸಡಿನಲ್ಲಿ ಕೀವುಗುಳ್ಳೆ ಎದ್ದಾಗಲೋ ಗೊತ್ತಾಗುತ್ತದೆ.

ಶಾಲೆಗಳ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹತ್ತಿ, ಟಿಂಚರ್, ಬ್ಯಾಂಡೇಜ್ ಇರುತ್ತವೆ. ಅದರ ಜೊತೆಗೆ ಬಿಗಿ ಮುಚ್ಚಳದ ಒಂದು ಸಣ್ಣ ಡಬ್ಬಿ, ಮಡಚಿದ ಒಂದು ಶುಭ್ರ ಕರವಸ್ತ್ರ ಇಡಿ. ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಹತ್ತಿರದ ದಂತವೈದ್ಯರ ಮತ್ತು ಜಿಲ್ಲಾ ಆಸ್ಪತ್ರೆಯ ಫೋನ್ ನಂಬರ್ ಬರೆದು ಅಂಟಿಸಿ. ಕ್ರೀಡಾಕೂಟ ನಡೆಸುವವರು ಆಟಗಾರರ ಊಟ ತಿಂಡಿಗೆ ಸಾಮಾನು ತರಿಸುವಾಗ ಕಾಯಿಸದ ಹಾಲಿನ ಒಂದು ಪ್ಯಾಕೆಟ್ಟನ್ನು ತಣ್ಣಗಿನ ಜಾಗದಲ್ಲಿ ಬೇರೆಯಾಗಿ ತೆಗೆದಿಡಿ, ಅದು ಎಲ್ಲಿದೆ ಎಂದು ಅಂಪೈರ್‌ಗಳಿಗೂ ತಂಡದ ಶಿಕ್ಷಕರಿಗೂ ಬೆಳಿಗ್ಗೆ ಧ್ವಜ ಏರಿಸುವ ಹೊತ್ತಿಗೇ ಹೇಳಿಬಿಡಿ. ಸಂಜೆ ಆಟ ಮುಗಿದ ಮೇಲೆ ಅದರಲ್ಲಿ ಕಾಫಿ ಮಾಡಿಕೊಳ್ಳಬಹುದು.